ಪ್ರಧಾನಿಯ ಕೆಲಸ ಜನರಿಗೆ ಹಿಡಿಸಿದೆಯೇ? ಸಮೀಕ್ಷೆ ನಡೆಸುವ ಕ್ರಮ

ಪ್ರಧಾನಿಯ ಜನಪ್ರಿಯತೆ ಶೇ 60 ಎಂದು ಒಂದು ಚಾನೆಲ್ ಹೇಳುತ್ತದೆ. ಅದೇ ವಾರ ಇನ್ನೊಂದು ಪತ್ರಿಕೆ ಶೇ 48 ಎನ್ನುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಓದುಗರು ತೀರ್ಮಾನಿಸಿಬಿಡುತ್ತಾರೆ. ಆದರೆ ಎರಡೂ ಅಂಕಿ ಪ್ರಾಮಾಣಿಕವಾಗಿರಲು ಸಾಧ್ಯ. ಒಬ್ಬರು ‘ಅವರ ಕೆಲಸ ತೃಪ್ತಿ ತಂದಿದೆಯೇ’ ಎಂದು ಕೇಳಿರುತ್ತಾರೆ, ಇನ್ನೊಬ್ಬರು ‘ಮುಂದೆಯೂ ಅವರೇ ಪ್ರಧಾನಿ ಆಗಬೇಕೇ’ ಎಂದು. ಒಬ್ಬರು ಮೊಬೈಲ್‌ಗೆ ಕರೆ ಮಾಡಿರುತ್ತಾರೆ, ಇನ್ನೊಬ್ಬರು ಮನೆ ಬಾಗಿಲಿಗೆ ಹೋಗಿರುತ್ತಾರೆ. ‘ಗೊತ್ತಿಲ್ಲ’ ಎಂದವರನ್ನು ಒಬ್ಬರು ಲೆಕ್ಕದಿಂದಲೇ ತೆಗೆದಿರುತ್ತಾರೆ. ಕಾಲೇಜಿನ ರಾಜ್ಯಶಾಸ್ತ್ರ ವಿಭಾಗವೋ ಸಣ್ಣ ಸಂಶೋಧನಾ ತಂಡವೋ ಸುದ್ದಿಮನೆಯೋ ಇಂಥ ಸಮೀಕ್ಷೆಗೆ ಇಳಿದರೆ ಯಾವ ಹೆಜ್ಜೆಯಲ್ಲಿ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಕೊಟ್ಟಿದೆ. ಸಮೀಕ್ಷೆ ಮಾಡದೆ ಬರೀ ಓದುವವರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು, ಅಳೆಯುವುದು ಏನನ್ನು?

ನಾಲ್ಕು ಬೇರೆ ಬೇರೆ ಸಂಗತಿಗಳನ್ನು ನಮ್ಮಲ್ಲಿ ‘ಜನಪ್ರಿಯತೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ನಾಯಕ ಮಾಡುತ್ತಿರುವ ಕೆಲಸದ ಬಗ್ಗೆ ತೃಪ್ತಿ ಒಂದು. ಆ ವ್ಯಕ್ತಿಯ ಬಗ್ಗೆ ಇರುವ ಅಭಿಮಾನ ಎರಡನೆಯದು. ಮುಂದಿನ ಪ್ರಧಾನಿ ಯಾರಾಗಬೇಕು ಎಂಬ ಆಯ್ಕೆ ಮೂರನೆಯದು. ಯಾವ ಪಕ್ಷಕ್ಕೆ ಮತ ಹಾಕುತ್ತೀರಿ ಎಂಬುದು ನಾಲ್ಕನೆಯದು. ‘ಮನುಷ್ಯ ಒಳ್ಳೆಯವರು, ಆದರೆ ಬೆಲೆ ಏರಿಕೆ ತಡೆಯಲಾಗಲಿಲ್ಲ’ ಎನ್ನುವ ಮತದಾರರು ಸಾಕಷ್ಟು ಮಂದಿ. ಕೆಲಸ ತೃಪ್ತಿ ತಂದಿಲ್ಲವೆಂದರೂ ಅದೇ ಪಕ್ಷಕ್ಕೆ ಮತ ಹಾಕುವವರೂ ಇದ್ದಾರೆ. 2004ರಲ್ಲಿ ಪ್ರಧಾನಿ ಹುದ್ದೆಗೆ ಯಾರು ಬೇಕು ಎಂಬ ಪ್ರಶ್ನೆಗೆ ಸಮೀಕ್ಷೆಗಳಲ್ಲಿ ವಾಜಪೇಯಿ ಮುಂದಿದ್ದರು. ಅವರ ಮೈತ್ರಿಕೂಟ ಚುನಾವಣೆ ಸೋತಿತು.

ಅಮೆರಿಕದ ಗ್ಯಾಲಪ್ ಸಂಸ್ಥೆ 1930ರ ದಶಕದಿಂದ 2025ರವರೆಗೂ ಅಧ್ಯಕ್ಷರ ಕೆಲಸದ ಬಗ್ಗೆ ಕೇಳುತ್ತ ಬಂದಿತ್ತು. ಅಧ್ಯಕ್ಷರಾಗಿ ಇವರು ಕೆಲಸ ನಿಭಾಯಿಸುತ್ತಿರುವ ರೀತಿಯನ್ನು ಒಪ್ಪುತ್ತೀರಾ, ಒಪ್ಪುವುದಿಲ್ಲವಾ ಎಂಬುದು ಆ ಪ್ರಶ್ನೆಯ ತಿರುಳು. ಅಧ್ಯಕ್ಷ ಟ್ರೂಮನ್ ಅವರ ಕಾಲದಿಂದ ಅದರ ಮಾತು ಹೆಚ್ಚು ಕಡಿಮೆ ಹಾಗೆಯೇ ಉಳಿದಿತ್ತು. ಹಾಗಾಗಿಯೇ ಟ್ರೂಮನ್ 1945ರಲ್ಲಿ ಶೇ 87ರಿಂದ 1952ರಲ್ಲಿ ಶೇ 22ಕ್ಕೆ ಇಳಿದರು ಎಂಬುದನ್ನು 1974ರಲ್ಲಿ ರಾಜೀನಾಮೆ ಕೊಡುವ ಹೊತ್ತಿಗೆ ಶೇ 24ರಲ್ಲಿದ್ದ ನಿಕ್ಸನ್ ಅವರ ಪಕ್ಕದಲ್ಲಿಟ್ಟು ನೋಡಬಹುದು. ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ, ಅದನ್ನು ವರ್ಷಗಟ್ಟಲೆ ಮುಟ್ಟಬೇಡಿ. ನಡುವೆ ಒಂದು ಪದ ತಿದ್ದಿದರೂ ಹಿಂದಿನ ಸುತ್ತುಗಳೊಂದಿಗೆ ಹೋಲಿಸುವ ದಾರಿ ಮುಚ್ಚಿಹೋಗುತ್ತದೆ.

ಪ್ರಶ್ನೆಯ ಮಾತು

ಹೆಚ್ಚಿನ ಸಮೀಕ್ಷೆಗಳು ಹಾಳಾಗುವುದು ಈ ಹಂತದಲ್ಲಿ, ಅದೂ ಅನುವಾದದಲ್ಲಿ. ದೆಹಲಿಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಿದ್ಧವಾದ ಪ್ರಶ್ನಾವಳಿ ಕನ್ನಡಕ್ಕೆ ಬರುವಾಗ ‘ಪ್ರಧಾನಿಯವರ ಕಾರ್ಯನಿರ್ವಹಣೆಯನ್ನು ತಾವು ಅನುಮೋದಿಸುತ್ತೀರಾ’ ಎಂದಾಗಿರುತ್ತದೆ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿರುವ ಹೆಂಗಸಿಗೆ ಈ ವಾಕ್ಯ ಏನನ್ನೂ ಹೇಳುವುದಿಲ್ಲ. ಅವರು ಮರ್ಯಾದೆಗೆ ‘ಹೂಂ’ ಎನ್ನುತ್ತಾರೆ, ಅದು ಮೆಚ್ಚುಗೆಯ ಖಾತೆಗೆ ಸೇರುತ್ತದೆ. ‘ಮೆಚ್ಚುತ್ತೀರಾ’ ಎಂದರೆ ಪ್ರಶ್ನೆ ಆಗಲೇ ಹೊಗಳಿಕೆಯ ಕಡೆಗೆ ವಾಲಿರುತ್ತದೆ. ‘ಒಪ್ಪುತ್ತೀರಾ’ ಎಂದರೆ ಯಾವುದನ್ನು ಎಂಬ ಮರುಪ್ರಶ್ನೆ ಬರುತ್ತದೆ. ಬಳಸಬಹುದಾದ ರೂಪ ಹೀಗಿದೆ: ‘ಪ್ರಧಾನಮಂತ್ರಿಯಾಗಿ ಅವರು ಮಾಡುತ್ತಿರುವ ಕೆಲಸ ನಿಮಗೆ ತೃಪ್ತಿ ತಂದಿದೆಯೋ, ತಂದಿಲ್ಲವೋ?’ ಉತ್ತರದ ಎರಡೂ ಬದಿ ಪ್ರಶ್ನೆಯಲ್ಲೇ ಇರಬೇಕು. ‘ತೃಪ್ತಿ ತಂದಿದೆಯೇ’ ಎಂದು ಒಂದೇ ಬದಿ ಕೇಳಿದರೆ ಹೌದು ಎನ್ನುವವರ ಸಂಖ್ಯೆ ತಾನಾಗಿ ಏರುತ್ತದೆ. ಮನೆಗೆ ಬಂದವರ ಮಾತಿಗೆ ಇಲ್ಲವೆನ್ನಲು ನಮ್ಮ ಜನ ಸಂಕೋಚಪಡುತ್ತಾರೆ.

ಆಮೇಲೆ ಎರಡನೇ ಪ್ರಶ್ನೆ: ‘ಪೂರ್ತಿ ತೃಪ್ತಿಯೋ, ಸ್ವಲ್ಪ ಮಟ್ಟಿಗೋ?’ ಅತೃಪ್ತಿ ಹೇಳಿದವರಿಗೂ ಹಾಗೆಯೇ ಕೇಳಿ. ಹೀಗೆ ನಾಲ್ಕು ಮೆಟ್ಟಿಲು ಸಿಗುತ್ತವೆ. ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್ ತನ್ನ ಅಧ್ಯಯನಗಳಲ್ಲಿ ಕೇಂದ್ರ ಸರ್ಕಾರದ ಬಗ್ಗೆ ಕೇಳುವಾಗ ಬಳಸುವುದೂ ಇಂಥ ನಾಲ್ಕು ಮೆಟ್ಟಿಲನ್ನೇ. ‘ಪೂರ್ತಿ’ ಮತ್ತು ‘ಸ್ವಲ್ಪ’ವನ್ನು ಬೇರೆ ಬೇರೆ ಇಟ್ಟುಕೊಳ್ಳಲು ಕಾರಣವಿದೆ. ನಾಯಕನ ಬಲ ಕುಸಿಯುವಾಗ ಮೊದಲು ಕರಗುವುದು ‘ಪೂರ್ತಿ ತೃಪ್ತಿ’. ಒಟ್ಟು ಅಂಕಿ ಇನ್ನೂ ಹಾಗೆಯೇ ಇರುವಾಗಲೇ ಅದು ಸೂಚನೆ ಕೊಡುತ್ತದೆ.

ನಡುವಿನ ‘ಅಷ್ಟಕ್ಕಷ್ಟೇ’ ಎಂಬ ಆಯ್ಕೆಯನ್ನು ಓದಿ ಹೇಳಿದರೆ ಬಹಳ ಮಂದಿ ಅಲ್ಲಿ ಹೋಗಿ ಕೂರುತ್ತಾರೆ. ಓದಬೇಡಿ, ಅವರಾಗಿಯೇ ಹೇಳಿದರೆ ಬರೆದುಕೊಳ್ಳಿ. ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’ ಇವೆರಡಕ್ಕೂ ಪ್ರತ್ಯೇಕ ಸಂಕೇತವಿರಲಿ. ಒಂದು ಅಜ್ಞಾನ ಅಥವಾ ನಿರಾಸಕ್ತಿ, ಇನ್ನೊಂದು ಅಂಜಿಕೆ.

ತೃಪ್ತಿಯ ಪ್ರಶ್ನೆ ಪ್ರಶ್ನಾವಳಿಯ ಆರಂಭದಲ್ಲೇ ಬರಬೇಕು. ಸಿಲಿಂಡರ್ ಬೆಲೆ, ನಿರುದ್ಯೋಗ, ಸಾಲ ಎಂದು ಐದು ಪ್ರಶ್ನೆ ಕೇಳಿ ಆಮೇಲೆ ಪ್ರಧಾನಿಯ ಬಗ್ಗೆ ಕೇಳಿದರೆ ಅಂಕಿ ಇಳಿಯುತ್ತದೆ. ಯೋಜನೆಗಳ ಹೆಸರು ಓದಿ ಕೇಳಿದರೆ ಏರುತ್ತದೆ. ಎರಡೂ ನೀವು ಮಾಡಿದ ಬದಲಾವಣೆ, ಜನರದ್ದಲ್ಲ. ಅರ್ಧದಷ್ಟು ಪ್ರತಿಗಳಲ್ಲಿ ‘ತೃಪ್ತಿ ತಂದಿಲ್ಲವೋ, ತಂದಿದೆಯೋ’ ಎಂದು ಕ್ರಮ ತಿರುಗಿಸಿ ಮುದ್ರಿಸಿ.

ಇನ್ನೊಂದು ಗೊಂದಲ ಕರ್ನಾಟಕದಂಥ ರಾಜ್ಯಗಳಲ್ಲಿ ಎದ್ದು ಕಾಣುತ್ತದೆ. ಕೇಂದ್ರ, ರಾಜ್ಯ ಎರಡರ ಹಣವೂ ಒಂದೇ ಬ್ಯಾಂಕ್ ಖಾತೆಗೆ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ರಾಜ್ಯದ್ದು, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಕೇಂದ್ರದ್ದು. ಒಂದರ ಸಿಟ್ಟು ಅಥವಾ ಸಂತೋಷ ಇನ್ನೊಂದರ ಮೇಲೆ ಹೋಗುವುದುಂಟು. ‘ಸರ್ಕಾರ’ ಎಂಬ ಪದವನ್ನು ಒಂಟಿಯಾಗಿ ಬಳಸಲೇಬೇಡಿ. ‘ದೆಹಲಿಯ ಕೇಂದ್ರ ಸರ್ಕಾರ’ ಎಂದೇ ಹೇಳಿ, ಪ್ರಧಾನಿಯ ಹೆಸರನ್ನೂ ಹೇಳಿ.

ಕನ್ನಡಕ್ಕೆ ಬಂದ ಪ್ರಶ್ನಾವಳಿಯನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಮೂಲ ಭಾಷೆಗೆ ಮಾಡಿಸಿ, ಎರಡನ್ನೂ ಹೋಲಿಸಿ. ಬಳಿಕ 25ರಿಂದ 30 ಜನರ ಮೇಲೆ ಪ್ರಯೋಗ ಮಾಡಿ. ಅವರಲ್ಲಿ ಅರ್ಧದಷ್ಟಾದರೂ ಶಾಲೆಯ ಮೆಟ್ಟಿಲು ಹತ್ತದವರಿರಲಿ. ಉತ್ತರ ಪಡೆದ ಮೇಲೆ ‘ನಾನು ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಿದರೆ ದೋಷಗಳು ತಾವಾಗಿ ಹೊರಬೀಳುತ್ತವೆ. ಕೋಲಾರದ ತೆಲುಗು ಮನೆಗಳಿಗೆ, ಬೆಳಗಾವಿಯ ಮರಾಠಿ ಮನೆಗಳಿಗೆ, ಉರ್ದು ಮಾತಾಡುವ ಮೊಹಲ್ಲಾಗಳಿಗೆ ಬೇರೆ ಪ್ರತಿ ಬೇಕು. ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದಿಸಲು ಸಂದರ್ಶಕರಿಗೆ ಬಿಡಬೇಡಿ.

ಯಾರನ್ನು ಕೇಳಬೇಕು

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಚೀಟಿ ವಾಪಸ್ ಬಂದವು. ಆ ವರ್ಷದ ಚುನಾವಣೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸೋಲುತ್ತಾರೆ ಎಂದು ಪತ್ರಿಕೆ ಬರೆಯಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಆರಿಸಿದ್ದು ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅವರು ಸಾಮಾನ್ಯರಲ್ಲ. ಚೀಟಿ ತುಂಬಿ ಕಳಿಸಿದವರಲ್ಲೂ ಅಧ್ಯಕ್ಷರ ಮೇಲೆ ಸಿಟ್ಟಿದ್ದವರೇ ಹೆಚ್ಚು. ಬಹಳ ಚಿಕ್ಕ ಸ್ಯಾಂಪಲ್ (ಎಲ್ಲರ ಪರವಾಗಿ ಕೇಳಲು ಆರಿಸಿಕೊಂಡ ಜನ) ಇಟ್ಟುಕೊಂಡ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಇಂದು ‘ನಮ್ಮ ಆನ್‌ಲೈನ್ ಪೋಲ್‌ನಲ್ಲಿ ಎರಡು ಲಕ್ಷ ಜನ ಭಾಗವಹಿಸಿದ್ದಾರೆ’ ಎಂದು ಹೇಳಿಕೊಳ್ಳುವವರದ್ದೂ ಅದೇ ತಪ್ಪು.

ಭಾರತದಲ್ಲಿ ನಮ್ಮ ಕೈಗೆ ಸಿಗುವ ಒಳ್ಳೆಯ ಪಟ್ಟಿ ಮತದಾರರ ಪಟ್ಟಿ. 2,000 ಜನರ ಸ್ಯಾಂಪಲ್‌ಗೆ ಕ್ರಮ ಹೀಗೆ. 543 ಲೋಕಸಭಾ ಕ್ಷೇತ್ರಗಳನ್ನು ರಾಜ್ಯವಾರು ಒಂದರ ಕೆಳಗೊಂದು ಬರೆದು ಮತದಾರರ ಸಂಖ್ಯೆಯನ್ನು ಕೂಡುತ್ತಾ ಹೋಗಿ. 2024ರ ಲೆಕ್ಕದಲ್ಲಿ ಒಟ್ಟು ಸುಮಾರು 97 ಕೋಟಿ. 50 ಕ್ಷೇತ್ರ ಬೇಕೆಂದರೆ 50ರಿಂದ ಭಾಗಿಸಿ: ಅಂತರ 1.94 ಕೋಟಿ. ಆ ಅಂತರದೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿಂದ ಪ್ರತಿ 1.94 ಕೋಟಿಗೆ ಬೀಳುವ ಕ್ಷೇತ್ರವನ್ನು ಗುರುತಿಸಿ. ದೊಡ್ಡ ಕ್ಷೇತ್ರಕ್ಕೆ ಹೆಚ್ಚು ಅವಕಾಶ, ಚಿಕ್ಕದಕ್ಕೆ ಕಡಿಮೆ. ರಾಜ್ಯಗಳ ಪಾಲೂ ತಾನಾಗಿ ಬರುತ್ತದೆ. ಪ್ರತಿ ಕ್ಷೇತ್ರದಲ್ಲಿ ಇದೇ ಬಗೆಯಲ್ಲಿ ಎರಡು ಮತಗಟ್ಟೆ ಆರಿಸಿ, ಮತಗಟ್ಟೆಗೆ 20 ಸಂದರ್ಶನ ಎಂದು ಇಟ್ಟುಕೊಳ್ಳಿ.

ಮತಗಟ್ಟೆಯ ಪಟ್ಟಿಯಲ್ಲಿ 1,080 ಹೆಸರಿವೆ ಎನ್ನಿ. 20 ಸಂದರ್ಶನ ಮುಗಿಯಬೇಕಾದರೆ 30 ಹೆಸರಾದರೂ ಎತ್ತಬೇಕು. 1,080ನ್ನು 30ರಿಂದ ಭಾಗಿಸಿದರೆ 36. 1ರಿಂದ 36ರೊಳಗೆ ಒಂದು ಸಂಖ್ಯೆ ಆರಿಸಿ, 17 ಬಂತು ಎನ್ನಿ. ಆಗ 17, 53, 89 ಎಂದು 1,061ರವರೆಗೆ. ಈ ಕೆಲಸ ಕಚೇರಿಯಲ್ಲೇ ಮುಗಿದು, ಹೆಸರು ಮತ್ತು ಮನೆ ಸಂಖ್ಯೆ ಇರುವ ಹಾಳೆ ಸಂದರ್ಶಕರ ಕೈಗೆ ಹೋಗಬೇಕು. ಯಾರನ್ನು ಮಾತಾಡಿಸಬೇಕೆಂಬ ತೀರ್ಮಾನ ಅವರಿಗೆ ಬಿಟ್ಟರೆ ಬಸ್ ನಿಲ್ದಾಣದ ಹತ್ತಿರದ ಮನೆ, ಚಹಾ ಅಂಗಡಿಯಲ್ಲಿ ಕೂತ ಗಂಡಸರು, ನಗುಮುಖದಿಂದ ಮಾತಾಡುವವರು ಇವರೇ ಸ್ಯಾಂಪಲ್ ಆಗುತ್ತಾರೆ. ಊರ ಹೊರಗಿನ ಕೇರಿ ಬಿಟ್ಟುಹೋಗುತ್ತದೆ.

ಪಟ್ಟಿಯಲ್ಲಿರುವವರು ತೀರಿಕೊಂಡಿರಬಹುದು, ಮದುವೆಯಾಗಿ ಹೋಗಿರಬಹುದು, ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿರಬಹುದು. ಪ್ರತಿಯೊಂದನ್ನೂ ಹಾಳೆಯಲ್ಲಿ ಗುರುತು ಹಾಕಿ. ಹೊಲಕ್ಕೆ ಹೋಗಿದ್ದರೆ ಸಂಜೆ ಇನ್ನೊಮ್ಮೆ, ಮರುದಿನ ಬೆಳಗ್ಗೆ ಮತ್ತೊಮ್ಮೆ ಹೋಗಬೇಕು. ಅವರ ಬದಲಿಗೆ ಪಕ್ಕದ ಮನೆಯವರನ್ನು ಮಾತಾಡಿಸುವುದು ನಿಷಿದ್ಧ. ಮನೆಯಲ್ಲಿ ಸದಾ ಸಿಗುವವರು ಮತ್ತು ದುಡಿಯಲು ಹೋಗುವವರು ಒಂದೇ ರೀತಿ ಯೋಚಿಸುವುದಿಲ್ಲ.

ಎಷ್ಟು ಜನ ಸಾಕು

ಸಮೀಕ್ಷೆಯ ಅಂಕಿ ನಿಜವಾದ ಅಂಕಿಯಿಂದ ಎಷ್ಟು ದೂರ ಇರಬಹುದು ಎಂಬುದೇ ತಪ್ಪಿನ ಅಂಚು. ಶೇ 95ರ ಭರವಸೆಯಲ್ಲಿ (ಅಂದರೆ ಇಂಥ ನೂರು ಸಮೀಕ್ಷೆಗಳಲ್ಲಿ ಸುಮಾರು 95 ಈ ಅಂಚಿನೊಳಗಿರುತ್ತವೆ), ಇಡೀ ಪಟ್ಟಿಯಿಂದ ಒಬ್ಬೊಬ್ಬರನ್ನೇ ಚೀಟಿ ಎತ್ತುವ ಸರಳ ಆಯ್ಕೆಯಾದರೆ, 400 ಜನರಿಗೆ ಮೇಲೆ ಕೆಳಗೆ ಸುಮಾರು 5 ಅಂಶದ ತಪ್ಪಿನ ಅಂಚು, 1,000ಕ್ಕೆ 3, 2,400ಕ್ಕೆ 2, 10,000ಕ್ಕೆ 1. ನಾಲ್ಕು ಪಟ್ಟು ಖರ್ಚಿಗೆ ಅಂಚು ಅರ್ಧವಾಗುತ್ತದೆ, ಅಷ್ಟೇ. ದೇಶದ ಗಾತ್ರಕ್ಕೂ ಇದಕ್ಕೂ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಒಂದೇ ಊರಿನ 20 ಜನ ಒಬ್ಬರನ್ನೊಬ್ಬರು ಹೋಲುತ್ತಾರೆ: ಅದೇ ಜಾತಿ ಲೆಕ್ಕಾಚಾರ, ಅದೇ ನೀರಿನ ಸಮಸ್ಯೆ. ಈ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡರೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರದ್ದೂ ಒಂದೇ ಉತ್ತರ), ಮತಗಟ್ಟೆಗೆ 20ರಂತೆ 100 ಮತಗಟ್ಟೆಯಲ್ಲಿ ಪಡೆದ 2,000 ಸಂದರ್ಶನದ ನಿಜವಾದ ಬೆಲೆ ಸರಳ ಆಯ್ಕೆಯ ಸುಮಾರು 1,025 ಸಂದರ್ಶನದಷ್ಟು ಮಾತ್ರ. ಲೆಕ್ಕ ಸುಲಭ: ಮತಗಟ್ಟೆಯ ಸಂದರ್ಶನಗಳಿಂದ 1 ಕಳೆದು, 0.05ರಿಂದ ಗುಣಿಸಿ, 1 ಕೂಡಿದರೆ 1.95, 2,000ವನ್ನು ಅದರಿಂದ ಭಾಗಿಸಿ. ಮತಗಟ್ಟೆಗೆ 40ರಂತೆ 50 ಕಡೆ ಮಾಡಿದರೆ ಬೆಲೆ 680ಕ್ಕೆ ಇಳಿಯುತ್ತದೆ. 10ರಂತೆ 200 ಕಡೆ ಮಾಡಿದರೆ 1,380ಕ್ಕೆ ಏರುತ್ತದೆ. ಪ್ರಯಾಣದ ಹಣ ಇದ್ದರೆ ಊರುಗಳನ್ನು ಹೆಚ್ಚಿಸಿ, ಒಂದೇ ಊರಿನಲ್ಲಿ ಜನರನ್ನಲ್ಲ.

ರಾಷ್ಟ್ರೀಯ ಸಮೀಕ್ಷೆಯನ್ನು ರಾಜ್ಯಕ್ಕೆ ಒಡೆದು ಬರೆಯುವ ಚಟ ಸುದ್ದಿಮನೆಗಳಿಗಿದೆ. 2024ರ ಲೆಕ್ಕದಲ್ಲಿ ಕರ್ನಾಟಕದ ಮತದಾರರು ಸುಮಾರು 5.4 ಕೋಟಿ. ಮೇಲಿನ ಕ್ರಮದಲ್ಲಿ ನಮಗೆ ಬರುವುದು ಎರಡೋ ಮೂರೋ ಕ್ಷೇತ್ರ, 80ರಿಂದ 120 ಜನ. ಅಂಚು 13 ಅಂಶವನ್ನೂ ದಾಟಬಹುದು. ಅದರ ಮೇಲೆ ‘ಕನ್ನಡಿಗರ ಅಭಿಪ್ರಾಯ’ ಎಂಬ ತಲೆಬರಹ ಕೊಡುವುದು ಓದುಗರಿಗೆ ಮಾಡುವ ಅನ್ಯಾಯ. ರಾಜ್ಯದ ಅಂಕಿ ಬೇಕಿದ್ದರೆ ಕರ್ನಾಟಕದಲ್ಲೇ 1,000ಕ್ಕೂ ಹೆಚ್ಚು ಜನರನ್ನು ಬೇರೆಯಾಗಿ ಆರಿಸಬೇಕು.

ಮನೆ ಬಾಗಿಲಲ್ಲಿ

ಇಬ್ಬರು ಸಂದರ್ಶಕರು ಒಂದು ಮತಗಟ್ಟೆಯನ್ನು ಎರಡು ದಿನದಲ್ಲಿ ಮುಗಿಸಬಹುದು. ಜೋಡಿಯಲ್ಲಿ ಒಬ್ಬರು ಹೆಂಗಸಾಗಿರಲಿ. ಹೆಣ್ಣುಮಕ್ಕಳ ಸಂದರ್ಶನಕ್ಕೆ ಗಂಡಸು ಹೋದಲ್ಲಿ ಮನೆಯ ಯಜಮಾನನೇ ಉತ್ತರ ಕೊಡುತ್ತಾನೆ. ‘ಅವಳಿಗೆ ಇದೆಲ್ಲ ತಿಳಿಯಲ್ಲ, ನನ್ನ ಕೇಳಿ’ ಎನ್ನುವವರಿಗೆ ಜೊತೆಗಾರ ಬೇರೆ ಐದು ಪ್ರಶ್ನೆ ಕೇಳುತ್ತಾ ಜಗಲಿಯಲ್ಲಿ ಕೂರಿಸಿಕೊಂಡರೆ, ಒಳಗೆ ಸಂದರ್ಶನ ನಡೆಯುತ್ತದೆ. ಆ ಐದು ಪ್ರಶ್ನೆಗಳು ಲೆಕ್ಕಕ್ಕೆ ಬರುವುದಿಲ್ಲ. ಸುತ್ತ ಜನ ಸೇರಿದ್ದರೆ ಎಷ್ಟು ಮಂದಿ ಇದ್ದರೆಂದು ಕೊನೆಯಲ್ಲಿ ದಾಖಲಿಸಿ. ಆಮೇಲೆ ಅಂಥ ಸಂದರ್ಶನಗಳನ್ನು ಬೇರೆ ಮಾಡಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

‘ಸರ್ಕಾರದಿಂದ ಬಂದಿರಾ? ರೇಷನ್ ಕಾರ್ಡ್ ತೆಗೆಯುತ್ತಾರಾ?’ ಎಂಬುದು ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ. ಸಂಸ್ಥೆಯ ಗುರುತಿನ ಚೀಟಿ ತೋರಿಸಿ, ಯಾರ ಹೆಸರೂ ಹೊರಹೋಗುವುದಿಲ್ಲವೆಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ: ಹೆಸರಿನ ಹಾಳೆಯನ್ನೂ ಉತ್ತರಗಳನ್ನೂ ಬೇರೆ ಬೇರೆ ಇಡಿ. ಆಧಾರ್ ಸಂಖ್ಯೆ, ಒಟಿಪಿ ಏನನ್ನೂ ಕೇಳಬೇಡಿ.

ನಾಯಕರನ್ನು ಟೀಕಿಸಲು ಜನ ನಿಜವಾಗಿ ಹೆದರುವ ಕಡೆ ನೇರ ಪ್ರಶ್ನೆ ಸಾಕಾಗುವುದಿಲ್ಲ. ರಷ್ಯಾದಲ್ಲಿ ಸಂಶೋಧಕರು ಪುಟಿನ್ ಅವರ ಬೆಂಬಲವನ್ನು ಪರೀಕ್ಷಿಸಲು ಬಳಸಿದ ಉಪಾಯ ಹೀಗಿದೆ. ಅರ್ಧ ಜನರಿಗೆ ಮೂವರು ನಾಯಕರ ಹೆಸರು ಓದಿ ‘ಇವರಲ್ಲಿ ಎಷ್ಟು ಮಂದಿಯನ್ನು ಬೆಂಬಲಿಸುತ್ತೀರಿ, ಸಂಖ್ಯೆ ಮಾತ್ರ ಹೇಳಿ’ ಎನ್ನುವುದು. ಉಳಿದರ್ಧಕ್ಕೆ ಅದೇ ಮೂವರ ಜೊತೆ ಪುಟಿನ್ ಹೆಸರನ್ನೂ ಸೇರಿಸುವುದು. ಮೊದಲ ಗುಂಪಿನ ಸರಾಸರಿ 1.2, ಎರಡನೆಯದು 1.7 ಬಂದರೆ ವ್ಯತ್ಯಾಸ 0.5, ಅಂದರೆ ಬೆಂಬಲ ಶೇ 50. ಯಾರು ಯಾರ ಹೆಸರು ಎಣಿಸಿದರೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಇದರ ತಪ್ಪಿನ ಅಂಚು ದೊಡ್ಡದು, ಹಾಗಾಗಿ ಸ್ಯಾಂಪಲ್ ದೊಡ್ಡದೇ ಬೇಕು.

ಅರಳಿಕಟ್ಟೆಯ ಮೇಲೆ ಕೂತು ಹತ್ತು ಹಾಳೆ ತುಂಬಿಬಿಡುವ ಸಂದರ್ಶಕರೂ ಸಿಗುತ್ತಾರೆ. ಹತ್ತರಲ್ಲಿ ಒಂದು ಮನೆಗಾದರೂ ಬೇರೆಯವರು ಮತ್ತೆ ಹೋಗಿ ಪರಿಶೀಲಿಸಬೇಕು. ಟ್ಯಾಬ್ ಬಳಸಿದರೆ ಸ್ಥಳ ಮತ್ತು ಅವಧಿ ದಾಖಲಾಗುತ್ತದೆ: 20 ನಿಮಿಷದ ಪ್ರಶ್ನಾವಳಿ 5 ನಿಮಿಷದಲ್ಲಿ ಮುಗಿದಿದ್ದರೆ, ಎಲ್ಲ ಉತ್ತರವೂ ಮೊದಲ ಆಯ್ಕೆಯೇ ಆಗಿದ್ದರೆ, ಒಬ್ಬರ ಹಾಳೆಗಳಲ್ಲಿ ಮಾತ್ರ ‘ಗೊತ್ತಿಲ್ಲ’ ಒಂದೂ ಇಲ್ಲದಿದ್ದರೆ ಆ ಕಟ್ಟನ್ನೇ ಪಕ್ಕಕ್ಕಿಡಿ. ದಿನಗೂಲಿಯನ್ನು ಹಾಳೆಗೆ ಇಷ್ಟೆಂದು ಕೊಡದೆ ದಿನಕ್ಕೆ ಇಷ್ಟೆಂದು ಕೊಟ್ಟರೆ ಈ ರೋಗ ಅರ್ಧ ಕಡಿಮೆಯಾಗುತ್ತದೆ.

ಫೋನ್ ಮತ್ತು ಆನ್‌ಲೈನ್

ಫೋನ್ ಸಮೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಕೊರತೆ ಹೆಂಗಸರದ್ದು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದದ್ದು ಶೇ 54ರಷ್ಟು ಮಹಿಳೆಯರ ಬಳಿ ಮಾತ್ರ. ಕರೆ ತೆಗೆಯುವವರೂ ಕಡಿಮೆಯಾಗುತ್ತಿದ್ದಾರೆ. ಅಮೆರಿಕದ ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ 36 ಜನ ಉತ್ತರಿಸುತ್ತಿದ್ದರು, 2018ರಲ್ಲಿ ಶೇ 6. ಒಂದು ಸಂಖ್ಯೆಗೆ ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಬಾರಿಯಾದರೂ ಪ್ರಯತ್ನಿಸಿ. ಆನ್‌ಲೈನ್ ಆದರೆ ಇನ್ನೂ ಎಚ್ಚರ. ಜಗತ್ತಿನ ನಾಯಕರ ಮೆಚ್ಚುಗೆಯ ಪಟ್ಟಿ ಎಂದು ನಮ್ಮಲ್ಲಿ ಆಗಾಗ ಸುದ್ದಿಯಾಗುವ ಮಾರ್ನಿಂಗ್ ಕನ್ಸಲ್ಟ್ ಕೂಡ ಭಾರತದ ತನ್ನ ಸ್ಯಾಂಪಲ್ ಸಾಕ್ಷರರನ್ನು ಪ್ರತಿನಿಧಿಸುತ್ತದೆ ಎಂದೇ ತಿಳಿಸಿತ್ತು. ಸುದ್ದಿಯಲ್ಲಿ ಆ ಸಾಲು ಬಿಟ್ಟುಹೋಗುತ್ತದೆ.

ತೂಕ ಸರಿಪಡಿಸುವುದು

ಎಷ್ಟು ಜಾಗ್ರತೆ ವಹಿಸಿದರೂ ಓದಿದವರು ಹೆಚ್ಚು ಸಿಗುತ್ತಾರೆ. ಸ್ಯಾಂಪಲ್‌ನಲ್ಲಿ ಪದವೀಧರರು ಶೇ 30, ಜನಸಂಖ್ಯೆಯಲ್ಲಿ ಶೇ 12 ಎಂದು ಕಲ್ಪಿಸಿಕೊಳ್ಳಿ. ಪದವೀಧರರಲ್ಲಿ ತೃಪ್ತಿ ಶೇ 70, ಉಳಿದವರಲ್ಲಿ ಶೇ 50. ಹಾಗೆಯೇ ಕೂಡಿದರೆ ಶೇ 56. ಪದವೀಧರರಿಗೆ 12ನ್ನು 30ರಿಂದ ಭಾಗಿಸಿ 0.4, ಉಳಿದವರಿಗೆ 88ನ್ನು 70ರಿಂದ ಭಾಗಿಸಿ 1.26 ತೂಕ ಕೊಟ್ಟರೆ ಶೇ 52.4. ಲಿಂಗ, ವಯಸ್ಸು, ಗ್ರಾಮ-ನಗರ, ಜಾತಿ ಮತ್ತು ಧರ್ಮಕ್ಕೂ ಹೀಗೆಯೇ. 2016ರಲ್ಲಿ ಅಮೆರಿಕದ ಹಲವು ರಾಜ್ಯಮಟ್ಟದ ಸಮೀಕ್ಷೆಗಳು ಎಡವಿದ್ದಕ್ಕೆ ಶಿಕ್ಷಣದ ತೂಕ ಕೊಡದಿದ್ದದ್ದೂ ಒಂದು ಕಾರಣ. ಯಾರದೇ ತೂಕ 3ನ್ನು ದಾಟಿದರೆ ಒಬ್ಬ ವ್ಯಕ್ತಿ ಮೂವರ ಪರವಾಗಿ ಮಾತಾಡುತ್ತಿದ್ದಾರೆ ಎಂದರ್ಥ; ಅಲ್ಲಿ ತೂಕಕ್ಕಿಂತ ಹೆಚ್ಚಾಗಿ ಬೇಕಿರುವುದು ಇನ್ನಷ್ಟು ಸಂದರ್ಶನ.

‘ಗೊತ್ತಿಲ್ಲ’ದವರನ್ನು ಎಸೆಯಬೇಡಿ. ತೃಪ್ತರು 54, ಅತೃಪ್ತರು 30, ಉತ್ತರಿಸದವರು 16 ಇದ್ದಾಗ ಆ 16ನ್ನು ಬಿಟ್ಟು ಲೆಕ್ಕ ಹಾಕಿದರೆ ಮೆಚ್ಚುಗೆ ಶೇ 64 ಆಗಿಬಿಡುತ್ತದೆ. ಹೀಗೆ ಲೆಕ್ಕದಿಂದ ಕಾಣೆಯಾಗುವವರಲ್ಲಿ ಬಡವರು, ಓದಿಲ್ಲದವರು, ಹೆಂಗಸರೇ ಹೆಚ್ಚು. ಅವರ ಮೌನವೂ ಮುದ್ರಣವಾಗಬೇಕು.

ಎರಡನೇ ಸುತ್ತು

ಒಂದು ಸುತ್ತಿನಿಂದ ನಾಯಕನ ಸ್ಥಿತಿ ಅರಿಯಲಾಗದು. ಮೂರು ತಿಂಗಳಿಗೊಮ್ಮೆ, ಮೊದಲೇ ನಿಗದಿಯಾದ ವಾರದಲ್ಲಿ, ಅದೇ ಪ್ರಶ್ನೆ, ಅದೇ ಮತಗಟ್ಟೆಗಳು, ಹೊಸ ಹೆಸರುಗಳು. ಕ್ಷೇತ್ರಕಾರ್ಯ ಎರಡು ವಾರ ಮೀರದಿರಲಿ. ನಡುವೆ ದೊಡ್ಡ ಘಟನೆ ನಡೆದರೆ ಮೊದಲರ್ಧ, ಕೊನೆಯರ್ಧ ಎರಡು ಬೇರೆ ದೇಶಗಳಂತಾಗುತ್ತವೆ. 2001ರ ಸೆಪ್ಟೆಂಬರ್ 11ರ ದಾಳಿಗೆ ಮುಂಚೆ ಜಾರ್ಜ್ ಡಬ್ಲ್ಯು. ಬುಷ್ ಗ್ಯಾಲಪ್‌ನಲ್ಲಿ ಶೇ 51ರಲ್ಲಿದ್ದರು, ಕೆಲವೇ ದಿನಗಳಲ್ಲಿ 86, ಆ ತಿಂಗಳೇ 90. ರಷ್ಯಾದ ಲೆವಾದಾ ಕೇಂದ್ರದ ಸಮೀಕ್ಷೆಯಲ್ಲಿ ಪುಟಿನ್ 2022ರ ಫೆಬ್ರುವರಿಯಲ್ಲಿ 71, ಯುದ್ಧ ಆರಂಭವಾದ ಮೇಲೆ ಮಾರ್ಚ್‌ನಲ್ಲಿ 83. ದೇಶಕ್ಕೆ ಆಪತ್ತು ಬಂತೆನಿಸಿದಾಗ ಜನ ನಾಯಕನ ಹಿಂದೆ ನಿಲ್ಲುತ್ತಾರೆ, ಬಳಿಕ ಬಹುಪಾಲು ಸರಿಯುತ್ತಾರೆ. ಹಿರಿಯ ಬುಷ್ 1991ರ ಕೊಲ್ಲಿ ಯುದ್ಧದ ಬೆನ್ನಿಗೆ ಶೇ 89ರಲ್ಲಿದ್ದವರು 1992ರ ಬೇಸಿಗೆಗೆ 29ಕ್ಕೆ ಬಂದು ನವೆಂಬರ್‌ನಲ್ಲಿ ಸೋತರು. ಘಟನೆಯ ಮರುವಾರ ಮಾತ್ರ ಅಳೆದವರಿಗೆ ಈ ಇಳಿಜಾರು ಕಾಣುವುದೇ ಇಲ್ಲ.

ನಮ್ಮ 2,000 ಜನರ ಸಮೀಕ್ಷೆಯ ನಿಜವಾದ ಬೆಲೆ 1,025 ಆದ್ದರಿಂದ ಅದರ ಅಂಚು 3 ಅಂಶ. ಎರಡು ಸುತ್ತುಗಳ ವ್ಯತ್ಯಾಸಕ್ಕೆ ಅಂಚು 4ಕ್ಕಿಂತ ಹೆಚ್ಚು. 56 ಇದ್ದದ್ದು 53 ಆದರೆ ‘ಕುಸಿತ’ ಎಂದು ಬರೆಯುವಂತಿಲ್ಲ. 56, 54, 53, 51 ಎಂದು ನಾಲ್ಕು ಸುತ್ತು ಒಂದೇ ದಿಕ್ಕಿಗೆ ಹೋದರೆ ಬರೆಯಬಹುದು. ತೃಪ್ತರಿಂದ ಅತೃಪ್ತರನ್ನು ಕಳೆದು ‘ನಿವ್ವಳ ಮೆಚ್ಚುಗೆ’ ಕೊಡುವವರು ಗಮನಿಸಿ: ಅದರ ಅಂಚು ಸರಿಸುಮಾರು ಇಮ್ಮಡಿ. ಬೇರೆ ಸಂಸ್ಥೆಯ ಜೂನ್ ಅಂಕಿಯನ್ನು ನಿಮ್ಮ ಮಾರ್ಚ್ ಅಂಕಿಯ ಜೊತೆ ಜೋಡಿಸಿ ಗೆರೆ ಎಳೆಯಬೇಡಿ.

ಪ್ರಕಟಿಸುವಾಗ ಪ್ರಶ್ನೆಯ ಪೂರ್ತಿ ಮಾತು, ಕ್ಷೇತ್ರಕಾರ್ಯದ ದಿನಾಂಕ, ಸ್ಯಾಂಪಲ್ ಸಂಖ್ಯೆ, ಆರಿಸಿದ ಬಗೆ, ಬಳಸಿದ ಭಾಷೆಗಳು, ತೂಕ ಕೊಟ್ಟ ಅಂಶಗಳು, ಹಣ ಕೊಟ್ಟವರು ಇಷ್ಟೂ ಇರಲಿ. ಚುನಾವಣೆಯ ಹೊತ್ತಾದರೆ ಕಾನೂನನ್ನೂ ನೋಡಿಕೊಳ್ಳಿ. ಜನಪ್ರತಿನಿಧಿ ಕಾಯ್ದೆಯ 126ನೇ ಕಲಂನ ಪ್ರಕಾರ ಮತದಾನ ಮುಗಿಯುವ ಗಂಟೆಗೆ ಮುಂಚಿನ 48 ತಾಸು ವಿದ್ಯುನ್ಮಾನ ಮಾಧ್ಯಮದಲ್ಲಿ ಸಮೀಕ್ಷೆಯ ಫಲಿತಾಂಶವನ್ನು ತೋರಿಸುವಂತಿಲ್ಲ. ಮತ ಹಾಕಿ ಹೊರಬಂದವರನ್ನು ಕೇಳುವ ಮತಗಟ್ಟೆ ಸಮೀಕ್ಷೆಗೆ (ಎಕ್ಸಿಟ್ ಪೋಲ್) 126ಎ ಕಲಂ, ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಕಳೆಯುವವರೆಗೂ ತಡೆ ಹಾಕುತ್ತದೆ.

ಪ್ರಶ್ನಾವಳಿಯ ಎಲ್ಲ ಭಾಷೆಗಳ ಪ್ರತಿ, ಆರಿಸಿದ ಮತಗಟ್ಟೆಗಳ ಪಟ್ಟಿ, ಪ್ರತಿ ಮತಗಟ್ಟೆಯಲ್ಲಿ ಚೀಟಿ ಎತ್ತಿದಾಗ ಬಂದ ಮೊದಲ ಸಂಖ್ಯೆ, ಸಂದರ್ಶಕರಿಗೆ ಕೊಟ್ಟ ಸೂಚನೆಗಳ ಹಾಳೆ, ಇವನ್ನೆಲ್ಲ ಒಂದೇ ಕಡತದಲ್ಲಿ ಕಟ್ಟಿಡಿ. ತಂಡದಲ್ಲಿದ್ದವರು ಬಿಟ್ಟುಹೋದರೂ ಮುಂದಿನ ಸುತ್ತನ್ನು ಹೊಸಬರು ಅದೇ ರೀತಿ ನಡೆಸಲು ಅದು ಬೇಕಾಗುತ್ತದೆ.